ಮೂರ್ತಪ್ಪನ ಮಾಳಿಗೆಯ ಮೂರಡಿ ಇತಿಹಾಸ

ಬಬ್ಬೂರಿನ ಮೂರ್ತಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಕಥೆ ಮುಗಿಯುವಷ್ಟರಲ್ಲಿ ಓದುಗರು ಬೇರೆ ತೀರ್ಮಾನಕ್ಕೆ ಬರುವ ಸಂಭವವಿದೆ. ಅವನು ಜೀವಮಾನದಲ್ಲಿ ಹೇಳಿದ್ದು ಎರಡೇ ಸುಳ್ಳು. ಒಂದನ್ನು ವರ್ಷಕ್ಕೊಮ್ಮೆಯಂತೆ ಹದಿನೆಂಟು ವರ್ಷ ಹೇಳಿದ. ಇನ್ನೊಂದನ್ನು ಒಂದೇ ಒಂದು ಸಲ, ಅದೂ ಟೀ ಕುಡಿಯುತ್ತ, 1999ರ ಮೇ ತಿಂಗಳಲ್ಲಿ ಹೇಳಿದ. ಎರಡೂ ತಮ್ಮ ಪಾಡಿಗೆ ತಾವಿದ್ದಿದ್ದರೆ ಯಾವ ರಗಳೆಯೂ ಆಗುತ್ತಿರಲಿಲ್ಲ. ಎರಡೂ ಹೋಗಿ ಒಂದೇ ಮನೆಯ ಮೇಲೆ ಕೂತವು.

ಟೀ ಅಂಗಡಿಯ ಸುಳ್ಳಿಗೆ ಕಾರಣ ಶ್ರೀನಿವಾಸ. ಊರ ಪಕ್ಕದ ಸರ್ಕಾರಿ ಕೃಷಿ ಫಾರಂನಲ್ಲಿ ಮೂರ್ತಪ್ಪ ಕೂಲಿಯಾಳುಗಳ ಹಾಜರಿ ಹಿಡಿಯುವ ಮೇಸ್ತ್ರಿಯಾದರೆ ಶ್ರೀನಿವಾಸ ಪಂಪು ನೋಡಿಕೊಳ್ಳುವವನು. ಅವನು ಹಿರಿಯೂರಿನಲ್ಲಿ ಹೊಸ ಆರ್‌ಸಿಸಿ ಮನೆ ಕಟ್ಟಿಸಿದ್ದ. ಗೃಹಪ್ರವೇಶದ ಆಲ್ಬಮ್ಮನ್ನು ಹದಿನೈದು ದಿನದಿಂದ ಕಂಕುಳಲ್ಲಿಟ್ಟುಕೊಂಡೇ ಓಡಾಡುತ್ತಿದ್ದ.

"ನೋಡು ಮೂರ್ತಣ್ಣ, ಇದು ಮೊಸಾಯಿಕ್ಕು, ಇದು ಗ್ರಿಲ್ಲು. ನಿಮ್ದು ಇನ್ನೂ ಮಣ್ಣಿನ ಮಾಳಿಗೇನೇ ಅಲ್ವಾ?" ಎಂದ ಶ್ರೀನಿವಾಸ.

ಮೂರ್ತಪ್ಪ ಗಾಜಿನ ಲೋಟ ಕೆಳಗಿಟ್ಟ. "ಮಣ್ಣಿನ ಮಾಳಿಗೆ ಅಂದ್ರೆ ಏನ್ ತಿಳ್ಕಂಡಿದೀಯ? ನಮ್ಮನೆ ಪಾಳೇಗಾರ್ರ ಕಾಲದ್ದು ಕಣಯ್ಯ. ಕೋಟೆ ಕಟ್ಟಿದ ಕೈಯೇ ನಮ್ಮನೇನೂ ಕಟ್ಟಿರಾದು."

ಹಿಂದಿನ ಬೆಂಚಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಕನ್ನಡಕದ ಯುವಕನೊಬ್ಬ ಕೈಯಲ್ಲಿದ್ದ ಬೋಂಡಾ ಹಾಗೇ ಹಿಡಿದುಕೊಂಡು ಎದ್ದು ಬಂದ. ಅವನ ಹೆಸರು ಕಿರಣ್‌ಕುಮಾರ್. ಚಿತ್ರದುರ್ಗದ ಕಡೆಯ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರು. ಜಿಲ್ಲೆಯ ಹಳೆಯ ಮನೆಗಳ ಮೇಲೆ ಪ್ರಬಂಧ ಬರೆಯಲು ನಾಲ್ಕು ವರ್ಷದಿಂದ ಊರೂರು ಅಲೆಯುತ್ತಿದ್ದ. ಇಷ್ಟು ದಿನ ಅವನಿಗೆ ಸಿಕ್ಕಿದ್ದೆಲ್ಲ ನಾಯಿ ಮತ್ತು ಮಜ್ಜಿಗೆ.

"ಸಾರ್, ಮನೆ ನೋಡಬಹುದಾ?" ಎಂದು ಕೇಳಿದ.

ಬಬ್ಬೂರಿನಲ್ಲಿ ಯಾರೂ ಮೂರ್ತಪ್ಪನನ್ನು ಸಾರ್ ಅಂದಿರಲಿಲ್ಲ. "ಬರ್ರಿ, ಅದಕ್ಕೇನು" ಅಂದುಬಿಟ್ಟ.

ಮಾಳಿಗೆ ಮನೆಯ ವಿಚಾರ ಇಲ್ಲಿ ನಾಲ್ಕು ಮಾತು ಹೇಳಬೇಕು. ಗೋಡೆ ಕಲ್ಲಿನದು. ಅದರ ಮೇಲೆ ಬೇವಿನ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು. ಎಲ್ಲಕ್ಕೂ ಮೇಲೆ, ನೀರು ಇಳಿಯದಂತೆ ಬೂದಿ ಬಣ್ಣದ ಕರಲು ಮಣ್ಣು. ಈ ಕರಲನ್ನು ಪ್ರತಿವರ್ಷ ಮುಂಗಾರಿಗೆ ಮುಂಚೆ ಹೊಸದಾಗಿ ಹಾಕಬೇಕು. ಹೊಸದನ್ನು ಹಾಕುವ ಮೊದಲು ಹಳೆಯದನ್ನು ಕೆರೆದು ತೆಗೆಯಬೇಕು. ಕೆರೆಯುವುದು ಮೂರು ದಿನದ ಬೆನ್ನು ಮುರಿಯುವ ಕೆಲಸ. ಹರಡುವುದು ಅರ್ಧ ದಿನದ ಕೆಲಸ. ಮೂರ್ತಪ್ಪನ ಅಪ್ಪ ಬದುಕಿರುವ ತನಕ ಎರಡನ್ನೂ ಮಾಡುತ್ತಿದ್ದ. ಅಪ್ಪ ತೀರಿದ ಮೇಲೆ, 1981ರಿಂದ, ಮೂರ್ತಪ್ಪ ಅರ್ಧ ದಿನದ ಕೆಲಸವನ್ನು ಮಾತ್ರ ಉಳಿಸಿಕೊಂಡ.

ಅನುಕೂಲವೂ ಹಾಗೇ ಇತ್ತು. ಆ ಹೊತ್ತಿಗೆ ಸರಿಯಾಗಿ ಹೆಂಡತಿ ಮಲ್ಲಕ್ಕ ಆದಿವಾಲದ ತವರಿಗೆ ನಾಲ್ಕು ದಿನ ಹೋಗುತ್ತಿದ್ದಳು. ಮೂರ್ತಪ್ಪ ಮೂರು ದಿನ ಬೇವಿನ ಮರದಡಿ ಮಲಗಿ, ನಾಲ್ಕನೇ ದಿನ ಹಳೇ ಮಣ್ಣಿನ ಮೇಲೇ ಹೊಸ ಮಣ್ಣು ಸುರಿದು ಇಳಿಯುತ್ತಿದ್ದ. ಅವಳು ಬಂದು "ಕೆರೆದ್ರಾ?" ಅಂದರೆ "ಕೆರೆದೆ ಕಣೆ" ಅನ್ನುತ್ತಿದ್ದ. ಇದೇ ಹದಿನೆಂಟು ವರ್ಷದ ಸುಳ್ಳು.

ಮಲ್ಲಕ್ಕನಿಗೆ ಗೊತ್ತಾಗಲಿಲ್ಲವೇ ಅಂದರೆ, ಮೊದಮೊದಲು ಏರಿದ್ದು ಕಣ್ಣಿಗೆ ಬೀಳುವಷ್ಟಿರಲಿಲ್ಲ, ಆಮೇಲೆ ಆಕೆ ಮಾಳಿಗೆ ಹತ್ತುವುದನ್ನೇ ಬಿಟ್ಟು ಹನ್ನೊಂದು ವರ್ಷವಾಗಿತ್ತು. ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದ್ದ ತವರಿನ ಹಿತ್ತಾಳೆ ತಟ್ಟೆ ಮಾಯವಾಗಿತ್ತು. ಪಕ್ಕದ ಮಾಳಿಗೆಯವಳು ದಾಯಾದಿ ವಾರಗಿತ್ತಿ ಬಸಮ್ಮ. ಆಕೆಯಲ್ಲದೆ ಇನ್ಯಾರು? ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. "ಆ ಕಳ್ಳಿ ಮುಖ ಕಾಣೋ ಮಾಳಿಗೆ ನಾನು ಹತ್ತಲ್ಲ" ಎಂದು ಮಲ್ಲಕ್ಕ ಶಪಥ ಮಾಡಿದ್ದಳು. ಮೂರ್ತಪ್ಪ ಆ ಶಪಥಕ್ಕೆ ಮನಸ್ಸಿನಲ್ಲೇ ಕೈ ಮುಗಿದಿದ್ದ.

ಮರುದಿನ ಕಿರಣ್‌ಕುಮಾರ್ ಸ್ಕೂಟರಿನಲ್ಲಿ ಬಂದ. ಕೈಯಲ್ಲಿ ಟೇಪು, ಕುತ್ತಿಗೆಯಲ್ಲಿ ಕ್ಯಾಮೆರಾ.

"ಟೇಪು ತಂದೀರಲ್ಲ, ಸೈಟು ಅಳೀತೀರಾ?" ಎಂದಳು ಮಲ್ಲಕ್ಕ.

"ಇಲ್ಲಮ್ಮ. ಇತಿಹಾಸ ಇದೆಯಾ ಅಂತ ನೋಡೋಕೆ ಬಂದೆ."

"ಹಿತ್ಲಲ್ಲಿ ಐತೇನೋ ನೋಡ್ರಿ. ಬೇಡದ್ದೆಲ್ಲ ಅಲ್ಲೇ ಇಟ್ಟಿರಾದು."

ಮೇಷ್ಟ್ರು ಬಾಗಿಲಿನಿಂದಲೇ ಶುರು ಮಾಡಿದ. ಆ ಬಾಗಿಲು ಎಂಟು ವರ್ಷದಿಂದ ಪೂರ್ತಿ ಹಾಕಿಕೊಳ್ಳುತ್ತಿರಲಿಲ್ಲ. ಅರ್ಧಕ್ಕೆ ಬಂದು ನಿಂತುಬಿಡುತ್ತಿತ್ತು. ದನ ನುಗ್ಗದಂತೆ ಒರಳುಗುಂಡು ಅಡ್ಡ ಇಡುತ್ತಿದ್ದರು.

"ಇದು ಯಾಕೆ ಮುಚ್ಚಲ್ಲ?" ಎಂದ ಮೇಷ್ಟ್ರು.

ಮಾಳಿಗೆಯ ಭಾರಕ್ಕೆ ಬಾಗಿಲುವಾಡವೇ ಕೂತುಬಿಟ್ಟಿದೆ ಎಂದು ಹೇಳಲಾಗದೆ ಮೂರ್ತಪ್ಪ ಒಂದು ಗಳಿಗೆ ಯೋಚಿಸಿದ. "ಬಂದೋರಿಗೆ ಬಾಗ್ಲು ಮುಚ್ಚಬಾರ್ದು ಅಂತ ನಮ್ಮ ಹಿರೀಕರು ಹಂಗೇ ಮಾಡ್ಸಿದ್ರು ಸಾರ್."

"ಅತಿಥಿಗಳಿಗೆ ಮುಚ್ಚದ ಬಾಗಿಲು!" ಮೇಷ್ಟ್ರ ಪೆನ್ನು ಓಡಿತು. ಎಂಟು ವರ್ಷದಿಂದ ಒರಳುಗುಂಡು ಎತ್ತಿಡುತ್ತಿದ್ದ ಮಲ್ಲಕ್ಕ ಗಂಡನ ಮುಖವನ್ನೇ ನೋಡಿದಳು.

ನಡುಮನೆಯಲ್ಲಿ ಮೇಷ್ಟ್ರು ಕತ್ತೆತ್ತಿ ಗವಾಕ್ಷಿ ನೋಡಿದ. ಬೆಳಕಿಗಾಗಿ ಮಾಳಿಗೆಯಲ್ಲಿ ಬಿಡುವ ತೂತು ಅದು. ಎಲ್ಲರ ಮನೆಯಲ್ಲೂ ಗೇಣುದ್ದ ಇರುತ್ತದೆ. ಇಲ್ಲಿ ಬಾವಿಯ ತಳದಿಂದ ಆಕಾಶ ನೋಡಿದಂತಿತ್ತು. ಅವನು ಟೇಪು ಹಿಡಿದು ಏಣಿ ಹತ್ತಿದ. ಮೇಲಿನಿಂದ ಕೂಗು ಬಂತು.

"ಮೂರಡಿ ಒಂಬತ್ತು ಇಂಚು! ಮೂರ್ತಪ್ಪನೋರೇ, ಇಡೀ ಜಿಲ್ಲೆಯಲ್ಲಿ ಇಷ್ಟು ದಪ್ಪದ ಮಾಳಿಗೆ ನಾನು ನೋಡಿಲ್ಲ. ಇದು ವಾಸಕ್ಕೆ ಕಟ್ಟಿದ ಮನೆಯಲ್ಲ. ಫಿರಂಗಿ ಗುಂಡು ಬಿದ್ದರೂ ಜಗ್ಗಬಾರದು ಅಂತ ಕಟ್ಟಿದ್ದು. ಮದ್ದುಗುಂಡು ಇಡುತ್ತಿದ್ದ ಮದ್ದಿನ ಮನೆ!"

ಆ ದಪ್ಪ ಎಲ್ಲಿಂದ ಬಂತೆಂದು ಮೂರ್ತಪ್ಪನಿಗೆ ಗೊತ್ತಿತ್ತು. ಆದರೆ ಅಂಗಳದಲ್ಲಿ ಆಗಲೇ ಎಂಟು ಹತ್ತು ಜನ ಸೇರಿದ್ದರು. ಎಲ್ಲರೂ ಅವನನ್ನು ಹೊಸಬನನ್ನು ನೋಡುವಂತೆ ನೋಡುತ್ತಿದ್ದರು. ಅದು ಹಿತವಾಗಿಯೇ ಇತ್ತು. ಸುಮ್ಮನಾದ.

ವಾರದೊಳಗೆ ಮೇಷ್ಟ್ರ ಲೇಖನ ಜಿಲ್ಲೆಯ ಪತ್ರಿಕೆಯಲ್ಲಿ ಬಂತು. 'ಬಬ್ಬೂರಿನಲ್ಲೊಂದು ಮದ್ದಿನ ಮನೆ' ಎಂದು ತಲೆಬರಹ, ಅದರಡಿಯಲ್ಲಿ ಒರಳುಗುಂಡಿನ ಪಕ್ಕ ಮೂರ್ತಪ್ಪ ನಿಂತಿರುವ ಫೋಟೊ. ಶ್ರೀನಿವಾಸ ಆಲ್ಬಮ್ಮನ್ನು ಮನೆಯಲ್ಲೇ ಇಟ್ಟು ಬರತೊಡಗಿದ. ಪಂಚಾಯ್ತಿ ಮೆಂಬರ್ ಗೊಲ್ಲಪ್ಪ ಹಳೇ ತಗಡೊಂದನ್ನು ನೆಟ್ಟಗೆ ಮಾಡಿಸಿ 'ಐತಿಹಾಸಿಕ ಮದ್ದಿನ ಮನೆ, ಉಗುಳಬಾರದು' ಎಂದು ಬರೆಸಿ ಗೋಡೆಗೆ ಹೊಡೆಸಿದ.

"ಮೂರ್ತಪ್ಪ, ಇನ್ಮೇಲೆ ಈ ಮನೆ ನಿಂದಲ್ಲ. ಊರಿಂದು" ಎಂದ ಗೊಲ್ಲಪ್ಪ. "ದೊಡ್ಡ ದೊಡ್ಡ ಸಾಹೇಬ್ರು ನೋಡಾಕೆ ಬತ್ತಾರೆ. ಅಲ್ಲಿಗಂಟ ಮಾಳಿಗೆ ಮೇಲಿನ ಒಂದು ಹೆಂಟೇನೂ ಯಾರೂ ಮುಟ್ಟಂಗಿಲ್ಲ."

"ಅಲ್ಲಣ್ಣ, ಮುಂಗಾರಿಗೆ ಮುಂಚೆ ಮಣ್ಣು ಕೆರೀಬೇಕಲ್ಲ?" ಎಂದಳು ಮಲ್ಲಕ್ಕ.

"ಮದ್ದಿನ ಮನೇನ ಕೆರೀತಾರೇನಮ್ಮ?"

ಬಸಮ್ಮ ನಡುಗೋಡೆಯ ಆಚೆಯಿಂದ ಎಲ್ಲ ಕೇಳುತ್ತಿದ್ದಳು. ಮಲ್ಲಕ್ಕನೊಂದಿಗೆ ಮಾತಿಲ್ಲವಾದ್ದರಿಂದ ಮೇಷ್ಟ್ರು ಮತ್ತೆ ಬಂದಾಗ ಅವನನ್ನೇ ಹಿಡಿದುಕೊಂಡಳು.

"ಏನಪ್ಪ ಮೇಷ್ಟ್ರೇ, ಎಲ್ಡು ಮನೆಗೂ ನಡುಗೋಡೆ ಒಂದೇ. ಅವರದ್ದು ಪೇಪರ್‌ನಲ್ಲಿ ಬಂತು, ನಮ್ದು ಯಾಕೆ ಬರ್ಲಿಲ್ಲ?"

ಮೇಷ್ಟ್ರು ಎರಡೂ ಮಾಳಿಗೆಗಳನ್ನು ನೋಡಿದ. ಬಸಮ್ಮನದು ಮೂರಡಿಯಷ್ಟು ತಗ್ಗಿತ್ತು. "ನಿಮ್ಮದು ಬೇರೆ ದರ್ಜೆಯದಮ್ಮ. ಎತ್ತರದ್ದು ಮದ್ದಿನ ಅಧಿಕಾರಿಯದು. ತಗ್ಗಿನದು ಕಾವಲಾಳಿನದು ಇರಬೇಕು."

ಬಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಆಳಾ? ನಾವು ಆಳಾ? ನಾನು ಮದುವೆಯಾಗಿ ಬಂದಾಗ ಎಲ್ಡು ಮಾಳಿಗೇನೂ ಒಂದೇ ಮಟ್ಟ ಇದ್ವು. ಈ ಮಾಳಿಗೆಯಿಂದ ಆ ಮಾಳಿಗೆಗೆ ನಡ್ಕಂಡೇ ಹೋಗ್ತಿದ್ವಿ. ನಮ್ದೇನು ಭೂಮಿಗೆ ಇಳೀತಾ?"

"ಇಳಿದಿರಬಹುದು" ಎಂದು ಮೇಷ್ಟ್ರು ಗಂಭೀರವಾಗಿ ಬರೆದುಕೊಂಡ.

ಅದೇ ವಾರ ಮೋಡ ಕಟ್ಟತೊಡಗಿತು. ಮಂಗಳವಾರ ಮಧ್ಯಾಹ್ನ ಮಲ್ಲಕ್ಕ ಮುದ್ದೆ ತಿರುವುತ್ತಿದ್ದಾಗ ನಡುಮನೆಯ ತೊಲೆ ಲಟಕ್ಕೆಂದಿತು. ಒಂದು ಹಿಡಿ ಮಣ್ಣು ಸಾರಿನ ಮಡಕೆಗೆ ಬಿತ್ತು. ಮೂರ್ತಪ್ಪ ಹೋಗಿ ನೋಡಿದ. ತೊಲೆಯ ನಡುವೆ ಬೆರಳು ಹೋಗುವಷ್ಟು ಸೀಳು. ಮೂರಡಿ ಒಣ ಮಣ್ಣಿಗೇ ಇಷ್ಟಾದರೆ, ನಾಳೆ ಮಳೆ ಬಿದ್ದು ಆ ಮಣ್ಣು ನೀರು ಕುಡಿದರೆ ಮಾಳಿಗೆ ನಡುಮನೆಗೆ ಇಳಿಯುತ್ತದೆ. ಇಳಿದರೆ ಕೆಳಗಿರುವವಳು ಮಲ್ಲಕ್ಕ.

ಗೊಲ್ಲಪ್ಪನಿಗೆ ತೋರಿಸಿದ. ಅವನು ತಲೆಯಾಡಿಸಿದ. "ಇನ್ನೂರು ವರ್ಷ ನಿಂತಿರೋ ಮನೆ, ಇನ್ನು ನಾಕು ದಿನ ನಿಲ್ಲಲ್ವಾ? ಸಾಹೇಬ್ರು ಬಂದ್ಹೋಗ್ಲಿ, ಸುಮ್ಕಿರು."

ಉಳಿದದ್ದು ಒಂದೇ ದಾರಿ, ನಿಜ ಹೇಳುವುದು. ಅದನ್ನೂ ಮೂರ್ತಪ್ಪ ಮಾಡಿದ. ಅಂದರೆ, ತನ್ನ ಯೋಗ್ಯತೆಗೆ ತಕ್ಕಂತೆ ಮಾಡಿದ. ಮೇಷ್ಟ್ರನ್ನು ಬೇವಿನ ಮರದಡಿ ಕೂರಿಸಿ ಗಂಟಲು ಸರಿಮಾಡಿಕೊಂಡ.

"ಸಾರ್, ಒಂದು ಮಾತು. ಒಬ್ಬ ಇರ್ತಾನೆ ಅಂತ ಇಟ್ಕಳ್ರಿ. ಅವನು ವರ್ಷ ವರ್ಷ ಹೊಸ ಕರಲು ಹಾಕ್ತಾನೆ. ಹಳೇದು ಕೆರೆಯಲ್ಲ. ಹಂಗಾದ್ರೂ ಮಾಳಿಗೆ ದಪ್ಪ ಆಗ್ತೈತಲ್ವಾ?"

ಕಿರಣ್‌ಕುಮಾರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನ್ ಮಾತಾಡ್ತೀರಿ ಮೂರ್ತಪ್ಪನೋರೇ! ಅಂಥ ಶತದಡ್ಡ ಈ ಸೀಮೆಯಲ್ಲಿ ಹುಟ್ಟಿದ್ದಾನಾ? ಹಳೇದು ಕೆರೀಬೇಕು ಅನ್ನೋದು ಇಲ್ಲಿ ಎಳೇ ಕೂಸಿಗೂ ಗೊತ್ತು. ಏನಮ್ಮಾ ಮಲ್ಲಕ್ಕ?"

ಮಲ್ಲಕ್ಕ ಟೀ ತಂದು ಅಲ್ಲೇ ನಿಂತಿದ್ದಳು. "ಹೌದು ಮತ್ತೆ, ಅಂಥ ಸೋಮಾರಿ ಯಾರದಾನೆ? ನಮ್ಮನೆಯೋರು ಒಂದು ವರ್ಷಾನೂ ಬಿಟ್ಟಿಲ್ಲಪ್ಪ. ಅವರು ಕೆಲಸಗೇಡಿ ಅನ್ನಿ, ಒಪ್ತೀನಿ. ಆದ್ರೆ ಮಾಳಿಗೆ ಕೆರೆಯೋದ್ರಲ್ಲಿ ಮಾತ್ರ ಅವರನ್ನ ಬಿಟ್ಟುಕೊಡಾಕಿಲ್ಲ" ಅಂದಳು.

ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವಳು ಪರರೆದುರು ಗಂಡನನ್ನು ಹೊಗಳಿದ್ದು ಅದೇ ಮೊದಲು. ಮೂರ್ತಪ್ಪ ತೆರೆದ ಬಾಯಿಯನ್ನು ಟೀ ಕುಡಿದು ಮುಚ್ಚಿಕೊಂಡ.

ಕೊನೆಗೆ ಅವನನ್ನು ಉಳಿಸಿದವಳು, ಅಥವಾ ಮುಳುಗಿಸಿದವಳು, ಬಸಮ್ಮ. ಗುರುವಾರ ಆಕೆ ಪಂಚಾಯ್ತಿ ಕಟ್ಟೆಯ ಮುಂದೆ ನಿಂತು ಗೊಲ್ಲಪ್ಪನ ನೀರಿಳಿಸಿದಳು. "ನಮ್ಮನೆ ಆಳಿಂದು ಅಂತ ಯಾರು ಹೇಳಿದ್ದು? ಆ ಮಾಳಿಗೇನ ಒಂದು ಕಡೆ ತೋಡಿ ತೋರ್ಸ್ರಿ. ಅದರೊಳಗೆ ಏನೈತೆ ಅಂತ ಊರೇ ನೋಡ್ಲಿ."

"ವೈಜ್ಞಾನಿಕ ವಿಧಾನ!" ಎಂದ ಮೇಷ್ಟ್ರು ಖುಷಿಯಾಗಿ. "ಒಂದೇ ಮೂಲೆ. ಎರಡಡಿ ಅಗಲ, ಅಷ್ಟೆ."

ಗೊಲ್ಲಪ್ಪ ತೆಂಗಿನಕಾಯಿ ಒಡೆದರೆ ಮಾತ್ರ ಎಂಬ ಷರತ್ತಿನ ಮೇಲೆ ಒಪ್ಪಿದ.

ಶುಕ್ರವಾರ ಬೆಳಗ್ಗೆ ಅರ್ಧ ಬಬ್ಬೂರು ಅಂಗಳದಲ್ಲಿತ್ತು. ಮಾಳಿಗೆಯ ಮೇಲೆ ಮೇಷ್ಟ್ರು, ಗೊಲ್ಲಪ್ಪ, ಮೂರ್ತಪ್ಪ. ತಗ್ಗಿನ ಮಾಳಿಗೆಯಲ್ಲಿ ಬಸಮ್ಮ ಮಣೆ ಹಾಕಿಕೊಂಡು ಕೂತಿದ್ದಳು. ಶಪಥದ ಮಲ್ಲಕ್ಕ ಕೆಳಗೆ ಅಂಗಳದಲ್ಲಿ ನಿಂತಿದ್ದಳು. ಮೇಷ್ಟ್ರು ಕರಣೆ ಹಿಡಿದು ಮಣ್ಣನ್ನು ನೆಟ್ಟಗೆ ಕೊರೆಯುತ್ತ ಹೋದ.

"ಪದರ ಪದರವಾಗಿದೆ! ಒಂದೊಂದೂ ಎರಡು ಇಂಚು. ಎಂಥ ಲೆಕ್ಕಾಚಾರದ ಕೆಲಸ! ಮೂರನೇ ಪದರ... ಇದೇನಿದು?"

ಗುಟ್ಕಾ ಪೊಟ್ಟಣ.

"ಗಾಳಿಗೆ ಬಂದು ಸೇರಿರಬೇಕು" ಎಂದ ಮೇಷ್ಟ್ರು. ಐದನೇ ಪದರದಲ್ಲಿ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಸಿಕ್ಕಿತು. ಒಂಟಿ, ಎಡಗಾಲಿನದು.

"ಅದು ನಾಯಿ ಎತ್ಕಂಡು ಹೋಗಿದ್ದಲ್ವಾ?" ಎಂದಳು ಕೆಳಗಿನಿಂದ ಮಲ್ಲಕ್ಕ. ಐದು ವರ್ಷದ ಹಿಂದೆ ಆ ಚಪ್ಪಲಿಗಾಗಿ ಬಡಪಾಯಿ ನಾಯಿಯೊಂದು ಒದೆ ತಿಂದಿತ್ತು. ಮೂರ್ತಪ್ಪ ಮೋಡ ನೋಡತೊಡಗಿದ.

ಮೇಷ್ಟ್ರ ಮುಖದಲ್ಲಿ ಸಣ್ಣ ಅನುಮಾನ ಮೂಡಿತ್ತು. ಆದರೂ ಕೊರೆಯುವುದನ್ನು ಬಿಡಲಿಲ್ಲ. ಹನ್ನೊಂದನೇ ಪದರಕ್ಕೆ ಕರಣೆ ಠಣ್ಣೆಂದಿತು. ಮಣ್ಣು ಸರಿಸಿದರೆ ಹಿತ್ತಾಳೆಯ ತಟ್ಟೆ. ತಟ್ಟೆಗೆ ಏಳು ಸಂಡಿಗೆ ಇನ್ನೂ ಅಂಟಿಕೊಂಡಿದ್ದವು. ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಹೆಸರು ಕೆತ್ತಿತ್ತು.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ತಟ್ಟೆಯ ಮೇಲೆ ಬಗ್ಗಿದ. "ಬರಹ ಸಿಕ್ಕಿತು! ಮುದ್ದಕ್ಕ... ಆದಿವಾಲ... ಪಾಳೇಗಾರರ ರಾಣಿ ಇರಬಹುದು!"

"ರಾಣಿ ಅಲ್ಲ ಕಣಪ್ಪ!" ಅಂಗಳದಿಂದ ಮಲ್ಲಕ್ಕ ಕಿರುಚಿದಳು. "ಅದು ನಮ್ಮವ್ವ!"

ಮಲ್ಲಕ್ಕ ಬೆರಳು ಮಡಚುತ್ತಿದ್ದಳು. ತಟ್ಟೆ ಹೋಗಿ ಹನ್ನೊಂದು ವರ್ಷ. ಮೇಲೆ ಹನ್ನೊಂದು ಪದರ. ಅವಳ ಕೈ ನಿಂತಿತು.

"ಏನ್ರೀ" ಎಂದಳು. ಕೂಗಲಿಲ್ಲ. ಅದಕ್ಕೇ ಮೂರ್ತಪ್ಪನಿಗೆ ಹೆಚ್ಚು ಹೆದರಿಕೆಯಾಯಿತು. "ಹಳೇದು ಕೆರೆದ್ರಾ?"

ಮೂರ್ತಪ್ಪನಿಗೆ ಅಭ್ಯಾಸಬಲದಿಂದ "ಕೆರೆದೆ ಕಣೆ" ಅನ್ನುವ ಮಾತು ನಾಲಗೆಯ ತುದಿಗೆ ಬಂತು. ಪಕ್ಕದಲ್ಲಿ ಗುಂಡಿ ಬಾಯಿ ತೆರೆದುಕೊಂಡಿತ್ತು. "ಇಲ್ಲ. ಅಪ್ಪ ಹೋದ ಮೇಲೆ ಒಂದ್ಸಲಾನೂ ಕೆರೆದಿಲ್ಲ. ಮೇಷ್ಟ್ರು ಹೇಳಿದ ಶತದಡ್ಡ ನಾನೇ" ಅಂದ.

"ನಂಗೆ ಗೊತ್ತಿತ್ತು" ಎಂದಳು ಬಸಮ್ಮ ಮಣೆಯ ಮೇಲಿಂದ. "ವರ್ಷ ವರ್ಷ ನೋಡ್ತಿದ್ದೆ. ಮಂಕರೀಲಿ ಮಣ್ಣು ತಂದು ಸುರಿಯೋನು, ಇಳಿಯೋನು."

"ಮತ್ತೆ ಹೇಳಬಾರದೇನಕ್ಕ?" ಎಂದ ಗೊಲ್ಲಪ್ಪ.

"ಮಾತಿಲ್ದಿರೋ ಮನೆಗೆ ಹೆಂಗಪ್ಪ ಹೇಳ್ಲಿ?"

ಕಿರಣ್‌ಕುಮಾರ್ ಗುಂಡಿಯ ಅಂಚಿನಲ್ಲಿ ಮಂಕಾಗಿ ಕೂತಿದ್ದ. ನಾಲ್ಕು ವರ್ಷದ ಅಲೆದಾಟಕ್ಕೆ ಸಿಕ್ಕಿದ್ದು ಒಬ್ಬ ಸೋಮಾರಿಯ ಹದಿನೆಂಟು ಬೇಸಿಗೆ. ಆದರೂ ಕುತೂಹಲ ಎಂಬುದು ಕೆಟ್ಟ ಚಟ. ಇಷ್ಟು ತೋಡಿದವನು ತಳ ನೋಡದೆ ಏಳುವುದು ಹೇಗೆ? ಮತ್ತೆ ಕರಣೆ ಹಿಡಿದ. ಹದಿನೆಂಟನೇ ಪದರ ಮುಗಿದ ಮೇಲೆ ಮಣ್ಣಿನ ಗುಣವೇ ಬದಲಾಯಿತು. ಗೇಣುದ್ದದ ಒಂದೇ ಹಾಸು, ಗಟ್ಟಿ, ಮಟ್ಟಸ. ಅದರ ಮೇಲೆ ಸಾಲಾಗಿ ಅಂಗೈ ಗುರುತು. ಹಸಿ ಕರಲನ್ನು ಯಾರೋ ಕೈಯಿಂದ ತಟ್ಟಿ ತಟ್ಟಿ ಕೂರಿಸಿದ್ದರು.

ಮೂರ್ತಪ್ಪ ಬಗ್ಗಿ ನೋಡಿದ. ಬಲಗೈಯ ಗುರುತಿನಲ್ಲಿ ಕಿರುಬೆರಳು ಅರ್ಧವೇ ಇತ್ತು. ಕಬ್ಬಿನ ಗಾಣಕ್ಕೆ ಸಿಕ್ಕಿ ಹೋಗಿದ್ದ ಬೆರಳು. "ನಮ್ಮಪ್ಪಂದು" ಅಂದ. ಅವನಿಗೆ ನಿಜವಾಗಿ ನಾಚಿಕೆಯಾಯಿತು. ಪೇಪರಿನಲ್ಲಿ ಫೋಟೊ ಬಂದ ದಿನ ಆಗಬೇಕಿದ್ದ ನಾಚಿಕೆ ಅದು.

"ಈ ಎಲ್ಡು ಮನೆ ಕಟ್ಟಿದ್ದು ಇವರಪ್ಪನ ಅಪ್ಪ ಮತ್ತೆ ನಮ್ಮೆಜಮಾನ್ರ ತಾತ" ಎಂದಳು ಬಸಮ್ಮ. ಅವಳ ದನಿಯೂ ಮೆತ್ತಗಾಗಿತ್ತು. "ಅಣ್ಣತಮ್ಮ ಇಬ್ರೂ ಮಾರಿಕಣಿವೆ ಡ್ಯಾಮಿನ ಕಟ್ಟೆಗೆ ಕಲ್ಲು ಹೊತ್ತೋರು. ಅಲ್ಲಿ ಕಲ್ಲು ಕೂರ್ಸಾದು ಕಲ್ತು ಬಂದು ಇಲ್ಲಿ ಮನೆ ಕಟ್ಕಂಡ್ರು. ಪಾಳೇಗಾರ್ರೂ ಇಲ್ಲ, ಮದ್ದೂ ಇಲ್ಲ. ನನ್ನ ಕೇಳಿದ್ರೆ ಅವತ್ತೇ ಹೇಳ್ತಿದ್ದೆ."

ಮೇಷ್ಟ್ರು ತಟ್ಟನೆ ಎದ್ದು ಕೆಳಗಿಳಿದು ಗೋಡೆಯ ಮೂಲೆಗಲ್ಲುಗಳನ್ನು ಕೈಯಿಂದ ಸವರಿದ. ಕಲ್ಲಿಗೆ ಕಲ್ಲು ಕಚ್ಚಿ ಕೂತಿದ್ದವು, ನಡುವೆ ಬ್ಲೇಡು ತೂರದಷ್ಟು. "ಕಟ್ಟೆ ಕೆಲಸದವರ ಕೈಚಳಕ!" ಎನ್ನುತ್ತ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತಿರುವಿದ. ಆಮೇಲೆ ಎರಡು ಗಂಟೆ ಬಸಮ್ಮನ ಎದುರಿನಿಂದ ಏಳಲಿಲ್ಲ. ಗೊಲ್ಲಪ್ಪ ಮಾತ್ರ ಗೋಡೆಯ ತಗಡು ಕಿತ್ತು, ಅದನ್ನು ಏನು ಮಾಡುವುದೆಂದು ತಿಳಿಯದೆ ಹಿಡಿದುಕೊಂಡು ನಿಂತಿದ್ದ. ಮೂರ್ತಪ್ಪ ಅದನ್ನು ಇಸಿದುಕೊಂಡ. ಮಳೆ ಬಂದಾಗ ಗವಾಕ್ಷಿಗೆ ಮುಚ್ಚಲು ಆದೀತು ಎಂದು ಅವನ ಲೆಕ್ಕ.

ಮಲ್ಲಕ್ಕ ಗಂಡನಿಗೆ ಗುದ್ದಲಿ ಕೊಟ್ಟಳು, ಮಂಕರಿ ಕೊಟ್ಟಳು. ಮಾತು ಕೊಡಲಿಲ್ಲ. ತೊಲೆಗೆ ಎರಡು ಊರೆಗಂಬ ಕೊಟ್ಟು ನಿಲ್ಲಿಸಿ, ಮಳೆಗೆ ಮುಂಚೆ ಮುಗಿಸಬೇಕೆಂದು ಮೂರ್ತಪ್ಪ ರಜೆ ಹಾಕಿ ಮಾಳಿಗೆ ಹತ್ತಿದ. ಹದಿನೆಂಟು ವರ್ಷದ ಐವತ್ತನಾಲ್ಕು ದಿನದ ಕೆಲಸವನ್ನು ಎಂಟು ದಿನದಲ್ಲಿ ಮಾಡಿದ. ಶ್ರೀನಿವಾಸ ಎರಡು ಸಲ ಬಂದು ಬೇವಿನ ಮರದಡಿ ಕೂತು, ಆಲ್ಬಮ್ಮು ತೊಡೆಯ ಮೇಲಿಟ್ಟುಕೊಂಡು, ನೋಡಿ ಹೋದ. ಮಣ್ಣು ಹಿತ್ತಲಿನಲ್ಲಿ ಗುಡ್ಡವಾಯಿತು. ಅಪ್ಪನ ಹಾಸು ಸಿಕ್ಕಿದ ಮೇಲೆ ಮೂರ್ತಪ್ಪ ಗುದ್ದಲಿ ಬಿಟ್ಟು ಪೊರಕೆ ಹಿಡಿದ. ಎರಡು ಮಾಳಿಗೆಗಳು ಮತ್ತೆ ಒಂದೇ ಮಟ್ಟಕ್ಕೆ ಬಂದವು. ಎಂಟನೇ ದಿನದ ಸಂಜೆ ಬಸಮ್ಮ ಹಿಂದಿನ ಕಾಲದಂತೆ ತನ್ನ ಮಾಳಿಗೆಯಿಂದ ಇವರ ಮಾಳಿಗೆಗೆ ನಡೆದು ಬಂದು, ಏಣಿಯಿಳಿದು ಮಲ್ಲಕ್ಕನ ಅಡುಗೆಮನೆಗೆ ಹೋದಳು. ಮೂರ್ತಪ್ಪನ ಕಡೆ ತಿರುಗಿಯೂ ನೋಡಲಿಲ್ಲ.

ಅವನು ಕೊನೆಯ ಮಂಕರಿ ತಿಪ್ಪೆಗೆ ಚೆಲ್ಲಿ, ತಲೆಯಿಂದ ಕಾಲಿನವರೆಗೆ ಬೂದಿ ಬಣ್ಣವಾಗಿ ಮುಂಬಾಗಿಲಿಗೆ ಬಂದ. ಬಾಗಿಲು ಹಾಕಿತ್ತು. ಅರ್ಧವಲ್ಲ, ಪೂರ್ತಿ. ಭಾರ ಇಳಿದು ಬಾಗಿಲುವಾಡ ತಾನಾಗಿ ಸರಿಹೋಗಿತ್ತು. ಒರಳುಗುಂಡು ಹೊರಗೆ ಕೆಲಸವಿಲ್ಲದೆ ಕೂತಿತ್ತು. ಒಳಗೆ ಇಬ್ಬರು ಹೆಂಗಸರು ಹನ್ನೊಂದು ವರ್ಷದ ಬಾಕಿ ಮಾತಾಡುತ್ತಿದ್ದರು. ಹಿತ್ತಾಳೆ ತಟ್ಟೆಯಲ್ಲಿ ಏನೋ ಕರಿದು ಹಾಕಿದ ವಾಸನೆ ಬರುತ್ತಿತ್ತು.

ಮೂರ್ತಪ್ಪ ಬಾಗಿಲು ತಟ್ಟಿದ.

"ಯಾರದು?" ಎಂದಳು ಬಸಮ್ಮ. "ನೆಂಟ್ರಾ, ಮನೆಯೋರಾ? ನೆಂಟ್ರಿಗಾದ್ರೆ ಮುಚ್ಚದ ಬಾಗ್ಲಂತೆ ಇದು. ಪೇಪರ್‌ನಲ್ಲಿ ಬಂದೈತೆ."

"ನಾನು ಕಣೇ" ಎಂದ ಮೂರ್ತಪ್ಪ, ಹೆಂಡತಿಗೆ ಕೇಳುವಂತೆ.

ಒಳಗಿನ ನಗು ನಿಂತಿತು. ಎಂಟು ದಿನದ ಮೇಲೆ ಮಲ್ಲಕ್ಕ ಬಾಯಿ ಬಿಟ್ಟಳು. "ಕೆರೆದ್ರಾ?"

"ಕೆರೆದೆ ಕಣೆ" ಎಂದ ಮೂರ್ತಪ್ಪ. ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಆ ಮಾತು ಹೇಳುವಾಗ ಅವನ ಬೆನ್ನು ನೋಯುತ್ತಿತ್ತು.

ಒಳಗೆ ಬಳೆ ಸದ್ದು, ಹಿತ್ತಲ ಬಾಗಿಲು ತೆರೆದ ಸದ್ದು, ಏಣಿಯನ್ನು ಗೋಡೆಗೆ ಆನಿಸಿದ ಸದ್ದು ಒಂದಾದ ಮೇಲೆ ಒಂದು ಕೇಳಿದವು.

"ಅಲ್ಲೇ ನಿಂತಿರ್ರಿ" ಎಂದಳು ಮಲ್ಲಕ್ಕ. "ಹತ್ತಿ ನೋಡ್ಕಂಡ್ ಬತ್ತೀನಿ."